ಜನ ಹೆಚ್ಚಿದ್ದೇ ಬಡತನಕ್ಕೆ ಕಾರಣವೇ?

ಜನ ಹೆಚ್ಚಿದ್ದರಿಂದ ಬಡತನ, ಬಡತನದಿಂದ ಅನಕ್ಷರತೆ. ಹತ್ತೊಂಬತ್ತನೆಯ ಶತಮಾನದ ಬಗ್ಗೆ ವಿದ್ಯಾರ್ಥಿಗಳು ಹೀಗೆ ಒಪ್ಪಿಸಿದಾಗಲೆಲ್ಲ ನಾನು ಐರ್ಲೆಂಡಿನ 1841ರ ಜನಗಣತಿಯನ್ನು ಅವರ ಮುಂದಿಡುತ್ತೇನೆ. ಆಗ ಅಲ್ಲಿದ್ದವರು ಸುಮಾರು 82 ಲಕ್ಷ. ಐದು ವರ್ಷ ದಾಟಿದವರಲ್ಲಿ ನೂರಕ್ಕೆ 53 ಮಂದಿಗೆ ಓದು ಬರಹ ಬಾರದು. ಆದರೆ ಚದರ ಕಿಲೋಮೀಟರಿಗೆ ನೂರರ ಆಸುಪಾಸಿನ ಆ ಜನಸಾಂದ್ರತೆ ಇಂಗ್ಲೆಂಡ್ ಮತ್ತು ವೇಲ್ಸ್‌ನದಕ್ಕಿಂತ ತುಸು ಕಡಿಮೆಯೇ.

ಇಕ್ಕಟ್ಟು ಇದ್ದದ್ದು ಗೇಣಿಗೆ ಸಿಗುವ ತುಂಡು ನೆಲದಲ್ಲಿ. ಜಮೀನ್ದಾರರಲ್ಲಿ ಹಲವರು ಇಂಗ್ಲೆಂಡಿನಲ್ಲಿ ಕುಳಿತಿದ್ದರು. ಅವರಿಂದ ನೆಲ ಹಿಡಿದ ಮಧ್ಯವರ್ತಿ ಅದನ್ನು ಒಳಗೇಣಿಗೆ ಕೊಡುತ್ತಿದ್ದ, ಮಕ್ಕಳ ಪಾಲಿನಲ್ಲಿ ಅದು ಮತ್ತೆ ಒಡೆಯುತ್ತಿತ್ತು. ನೆಲವಿಲ್ಲದ ಕೂಲಿಯವನು ಒಂದು ಬೆಳೆಯ ಮಟ್ಟಿಗೆ ತುಂಡು ಹಿಡಿದು ಆಲೂಗಡ್ಡೆ ಹಾಕುತ್ತಿದ್ದ. ಗೇಣಿ ಅನೇಕ ವೇಳೆ ದುಡಿಮೆಯಲ್ಲೇ ವಜಾ ಆಗುತ್ತಿತ್ತು, ಕೈಗೆ ಕಾಸು ಬರುತ್ತಿರಲಿಲ್ಲ. ಹಳೆಯ ಗಡ್ಡೆ ಮುಗಿದು ಹೊಸದು ಬರುವ ಮುನ್ನ, ಬೇಸಿಗೆಯ ತಿಂಗಳುಗಳಲ್ಲಿ, ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಭಿಕ್ಷೆಗೆ ಹೊರಡುವುದಿತ್ತು. 1831ರಿಂದ ಸರ್ಕಾರದ ನೆರವಿನ ಶಾಲೆಗಳು ತೆರೆಯುತ್ತಿದ್ದವು, ನಿಜ. ಬೇಡಲು ಹೋದ ಮಗು ಶಾಲೆಯಲ್ಲಿ ಕೂರುವುದೆಲ್ಲಿ? ಗಣತಿಯವರು ಮನೆಗಳನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿದ್ದರು. ಕೊನೆಯ ದರ್ಜೆ ಎಂದರೆ ಒಂದೇ ಕೋಣೆಯ ಮಣ್ಣಿನ ಗುಡಿಸಲು. ಇಂಥ ಗುಡಿಸಲುಗಳೇ ತುಂಬಿದ್ದ ಪಶ್ಚಿಮದ ಕೊನಾಟ್ ಪ್ರಾಂತ್ಯದಲ್ಲೇ ಅನಕ್ಷರತೆಯೂ ಅತಿ ಹೆಚ್ಚು.

1845ರಲ್ಲಿ ಆಲೂಗಡ್ಡೆಗೆ ಅಂಗಮಾರಿ ರೋಗ ಬಿತ್ತು. ಕಾಲು ಎಕರೆಗಿಂತ, ಅಂದರೆ ಹತ್ತು ಗುಂಟೆಗಿಂತ, ಹೆಚ್ಚು ನೆಲ ಹಿಡಿದವರಿಗೆ ಪರಿಹಾರವಿಲ್ಲವೆಂದು 1847ರ ಕಾನೂನು ಹೇಳಿತು. ಹೊಟ್ಟೆಗೆ ಬೇಕಿದ್ದರೆ ಇರುವ ನೆಲವನ್ನೂ ಬಿಡಬೇಕು. ಇದನ್ನು ಓದುವಾಗ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಮಂದಿ ದೇಶ ಬಿಟ್ಟರು. 1851ರಲ್ಲಿ ಜನಸಂಖ್ಯೆ 65.5 ಲಕ್ಷ, ಅನಕ್ಷರತೆ ನೂರಕ್ಕೆ 47. ಜನ ಕಡಿಮೆಯಾದರು, ಓದು ಹೆಚ್ಚಿತು ಎಂದು ಈ ಅಂಕಿಗಳನ್ನು ಜೋಡಿಸುವವರಿದ್ದಾರೆ. ಶಾಲೆಗಳ ಪಾತ್ರ ಇದ್ದೇ ಇದೆ. ಆದರೆ ಕ್ಷಾಮಕ್ಕೆ ಮೊದಲು ತುತ್ತಾದವರು ಅಕ್ಷರ ಕಾಣದ ಕಡುಬಡವರು. ಅವರು ಲೆಕ್ಕದಿಂದ ಅಳಿಸಿಹೋದದ್ದೂ ಆ ಪ್ರಮಾಣವನ್ನು ತಗ್ಗಿಸಿತು.

ಜನಸಂಖ್ಯೆ ಆಮೇಲೂ ಇಳಿಯುತ್ತಲೇ ಹೋಯಿತು. 1891ರಲ್ಲಿ ಅದು 47 ಲಕ್ಷ. ಅದೇ ವರ್ಷ ಪಶ್ಚಿಮದ ಬಡತನ ನೀಗಿಸಲು ಸರ್ಕಾರ ಕಿಕ್ಕಿರಿದ ಜಿಲ್ಲೆಗಳ ಮಂಡಳಿಯನ್ನು ರಚಿಸಬೇಕಾಯಿತು. ಆ ಮಂಡಳಿ ಕ್ರಮೇಣ ದೊಡ್ಡ ಜಮೀನುಗಳನ್ನು ಕೊಂಡು ಸಣ್ಣ ರೈತರಿಗೆ ಹಂಚತೊಡಗಿತು.