ಹೊಸ ನೀರಿನ ಮೀನು ಮತ್ತು ಪರವಾನಗಿ

ಮೀನು ಹಿಡಿಯಲು ಪರವಾನಗಿ ಕೇಳಿಕೊಂಡು ಬರುವವರನ್ನು ನಾನು ಮೊದಲು ಕೇಳುವುದು ‘ಯಾವ ನೀರಿಗೆ?’ ಎಂದು. ಹರಿಹರದ ಬಳಿ ತುಂಗಭದ್ರೆಯಲ್ಲಿ ಬಲೆ ಬೀಸಲು ಪಡೆದ ಪರವಾನಗಿ ಸೂಳೆಕೆರೆಯಲ್ಲಿ ನಡೆಯದು. ಕೆರೆಯ ಅಚ್ಚುಕಟ್ಟು, ಅಂದರೆ ಅದರ ನೀರು ಹಾಯುವ ಜಮೀನು, 40 ಹೆಕ್ಟೇರಿಗಿಂತ ಕಡಿಮೆಯಿದ್ದರೆ ಮೀನಿನ ಹಕ್ಕು ಗ್ರಾಮ ಪಂಚಾಯಿತಿಯದು, ಹೆಚ್ಚಿದ್ದರೆ ಮೀನುಗಾರಿಕೆ ಇಲಾಖೆಯದು. ಗುತ್ತಿಗೆ ಹಿಡಿದ ಸಂಘದವರು ಮರಿ ಬಿತ್ತಿದ ಕೆರೆಗೆ ಹೊರಗಿನವರು ಗಾಳ ಹಾಕಿದರೂ ತಕರಾರು ಏಳುತ್ತದೆ.

ಹಾಗೆ ಬಿತ್ತುವ ಕಾಟ್ಲಾ, ರೋಹು, ಮೃಗಾಲ್ ಮೂರೂ ಉತ್ತರದ ನದಿಗಳಿಂದ ಬಂದವು. ನಿಂತ ನೀರಿನಲ್ಲಿ ಅವು ಮೊಟ್ಟೆ ಇಡುವುದಿಲ್ಲವಾದ್ದರಿಂದ ಮತ್ತೆ ಮತ್ತೆ ಮರಿ ತಂದು ಬಿಡಬೇಕಾಗುತ್ತದೆ. ನದಿಯ ಬಾಳೆಮೀನು, ಗಿರ್ಲು, ಹಾವುಮೀನುಗಳನ್ನು ಯಾರೂ ಬಿತ್ತುವುದಿಲ್ಲ, ಮುಂಗಾರಿನ ಕೆಲವೇ ವಾರಗಳಲ್ಲಿ ಅವು ತಾವಾಗಿ ಹುಟ್ಟಿಕೊಳ್ಳಬೇಕು. ಸೂಳೆಕೆರೆಯ ಕಡೆಯಿಂದ ಹರಿದ್ರಾ ಹಳ್ಳ ಕೆಂಪಗೆ ತುಂಬಿ ತುಂಗಭದ್ರೆಯನ್ನು ಸೇರುವಾಗ ಮೊಟ್ಟೆ ತುಂಬಿದ ಮೀನು ಹೊಸ ನೀರಿಗೆ ಎದುರಾಗಿ ಏರುತ್ತದೆ. ಮಲೆನಾಡಿನವರು ಇದನ್ನೇ ಹತ್ತುಮೀನು ಎನ್ನುತ್ತಾರೆ. ಮೊಣಕಾಲುದ್ದದ ನೀರಿನಲ್ಲಿ ಬೆನ್ನು ಕಾಣಿಸಿಕೊಂಡು ಒದ್ದಾಡುವ ಮೀನನ್ನು ಹಿಡಿಯಲು ಬಲೆಯೂ ಬೇಡ, ಕತ್ತಿ ಸಾಕು; ಅದರಲ್ಲಿ ಯಾವ ಜಾಣತನವೂ ಇಲ್ಲವೆಂಬುದು ನನ್ನ ಅಭಿಪ್ರಾಯ. ಅಂಥದೊಂದು ಬಾಳೆಮೀನನ್ನು ಸಂತೆಯಲ್ಲಿ ಕೊಯ್ದಾಗ ಹೊಟ್ಟೆಯೊಳಗೆ ಬೆರಳುದಪ್ಪದ ಎರಡು ಮೊಟ್ಟೆಚೀಲಗಳಿದ್ದವು, ಗಿರಾಕಿ ಅದಕ್ಕೂ ಸೇರಿಸಿಯೇ ತೂಕ ಹಾಕಿಸಿಕೊಂಡರು.

ಈ ಕಾಲದಲ್ಲಿ ಮೀನುಗಾರಿಕೆ ನಿಷೇಧದ ಆದೇಶವಿದ್ದರೆ ಕೈಯಲ್ಲಿರುವ ಪರವಾನಗಿ ರಕ್ಷಣೆ ಕೊಡುವುದಿಲ್ಲ. ಸಿಡಿಮದ್ದು, ವಿಷಗಳಿಗಂತೂ ಯಾವ ಕಾಲದಲ್ಲಿಯೂ ಅನುಮತಿಯಿಲ್ಲ, 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯಷ್ಟು ಹಿಂದೆಯೇ ಅದು ಅಪರಾಧವಾಗಿತ್ತು.

ಕೊರಮೀನಿನ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಜೊಂಡಿನ ಅಂಚಿನಲ್ಲಿ ಕೆಂಪು ಮರಿಗಳ ಗುಂಪೊಂದು ಮೇಲೆ ಬಂದು ಬಂದು ಗಾಳಿ ಗುಟುಕರಿಸುತ್ತಿದ್ದರೆ ಕೆಳಗೆ ತಾಯಿ ಇಲ್ಲವೆ ತಂದೆ ಕಾವಲಿರುತ್ತದೆ, ಹತ್ತಿರ ಬಂದುದರ ಮೇಲೆಲ್ಲ ಎರಗುವುದರಿಂದ ಗಾಳಕ್ಕೂ ಸುಲಭವಾಗಿ ಬೀಳುತ್ತದೆ. ಅದನ್ನು ಎತ್ತಿಕೊಂಡರೆ ಮರಿಗಳಷ್ಟೂ ಬೇರೆ ಮೀನುಗಳ ಪಾಲು.

ಹಿಡಿದ ಮೇಲೆ ಮರಳಿ ನೀರಿಗೆ ಬಿಡಬಾರದೆಂದು ನಾನು ಹೇಳುವುದು ಆಫ್ರಿಕನ್ ಕ್ಯಾಟ್‌ಫಿಶ್ ಒಂದನ್ನೇ. ಸಾಕಣೆ ನಿಷೇಧವಿದ್ದರೂ ಹೊಂಡಗಳಲ್ಲಿ ಕದ್ದು ಬೆಳೆಸುವವರಿದ್ದಾರೆ, ಮಳೆಗೆ ಹೊಂಡ ಒಡೆದರೆ ಅದು ಹಳ್ಳ ಹಿಡಿದು ನದಿ ಸೇರಿ ನಾಟಿ ಮೀನಿನ ಮರಿಗಳನ್ನು ತಿನ್ನುತ್ತದೆ.