ಕಲ್ಮಶ ಮನೆಯಲ್ಲೋ, ಕೊಂಡಿಯಲ್ಲೋ?

ಕಣಗಳು ಜಿಗಿದಾಡುವ ಮನೆಗಳ ಸಾಲಿನಲ್ಲಿ ಒಂದೆಡೆ ಮಾತ್ರ ಇರುವ ವ್ಯತ್ಯಾಸವೇ ಕಲ್ಮಶ. ಅದು ಒಂದು ಮನೆಯಲ್ಲಿದ್ದರೆ ಏನಾಗುತ್ತದೆ, ಮನೆಗಳನ್ನು ಜೋಡಿಸುವ ಕೊಂಡಿಯಲ್ಲಿದ್ದರೆ ಏನಾಗುತ್ತದೆ? ಭೌತವಿಜ್ಞಾನಿಗಳಾದ ಹಟಾನೊ ಮತ್ತು ನೆಲ್ಸನ್ 1996ರಲ್ಲಿ ಮುಂದಿಟ್ಟ ನಾನ್-ಹರ್ಮಿಷಿಯನ್ (ಇಲ್ಲಿ, ಎಡಬಲದ ಜಿಗಿತಗಳು ಸಮವಲ್ಲದ) ಸರಪಳಿಯನ್ನೇ ತೆಗೆದುಕೊಳ್ಳೋಣ. ಚೌಕಾಬಾರದ ಮನೆಗಳಂತೆ 40 ಮನೆಗಳು ಸಾಲಾಗಿವೆ. ಕಣ ಬಲಗಡೆಯ ಮನೆಗೆ ಜಿಗಿಯುವ ಪ್ರಮಾಣ 2, ಎಡಗಡೆಗೆ 1/2. ಈ ಜಿಗಿತಗಳನ್ನು ಮ್ಯಾಟ್ರಿಕ್ಸ್ ಆಗಿ ಬರೆದರೆ ಅದರ ಐಗನ್ ಮೌಲ್ಯಗಳೇ ಕಣಕ್ಕೆ ಸಾಧ್ಯವಾದ ಶಕ್ತಿಗಳು, ಪ್ರತಿಯೊಂದಕ್ಕೂ ಒಂದು ಸ್ಥಿತಿ. ತುದಿಗಳು ಬಿಚ್ಚಿದ್ದರೆ ಐಗನ್ ಮೌಲ್ಯಗಳೆಲ್ಲ ವಾಸ್ತವ ಸಂಖ್ಯೆಗಳು, −2 ಮತ್ತು 2ರ ನಡುವೆ; ಸ್ಥಿತಿಗಳೆಲ್ಲ ಬಲತುದಿಗೆ ಒತ್ತಿಕೊಂಡಿರುತ್ತವೆ. ಇದೇ ಸ್ಕಿನ್ ಎಫೆಕ್ಟ್. ತುದಿಗಳನ್ನು ಪೂರ್ತಿ ಜೋಡಿಸಿ ಉಂಗುರ ಮಾಡಿದರೆ ಅವೇ ಮೌಲ್ಯಗಳು ಸಂಕೀರ್ಣ ತಲದಲ್ಲಿ ದೀರ್ಘವೃತ್ತವಾಗಿ ಹರಡುತ್ತವೆ: ಅರ್ಧ ಅಕ್ಷಗಳು 2.5 ಮತ್ತು 1.5.

ಪ್ರತಿ ಮನೆಯ ಅಳತೆಗೋಲನ್ನು ಹಿಂದಿನ ಮನೆಯದಕ್ಕಿಂತ ಇಮ್ಮಡಿ ಮಾಡಿ ಬರೆದುಕೊಂಡರೆ ಎರಡೂ ಜಿಗಿತ 1 ಆಗುತ್ತವೆ. ಬಿಚ್ಚಿದ ಸರಪಳಿ ಮಾಮೂಲಿ ಹರ್ಮಿಷಿಯನ್ ಆಗಿಬಿಡುತ್ತದೆ. ಕಲ್ಮಶವನ್ನು ಅಳೆಯಬೇಕಾದ್ದು ಈ ಹೊಸ ಅಳತೆಯಲ್ಲಿ.

ಕೊನೆಯ ಮನೆಯಿಂದ ಮೊದಲ ಮನೆಗೆ ಒಂದು ಸಣ್ಣ ಕೊಂಡಿ ಹಾಕಿ ನೋಡಿ. ಹೊಸ ಅಳತೆಯಲ್ಲಿ ಅದು 2ರ 39ನೇ ಘಾತದಷ್ಟು, ಅಂದರೆ ಸುಮಾರು 55,000 ಕೋಟಿ ಪಟ್ಟು ಹಿಗ್ಗುತ್ತದೆ. ಹಿಗ್ಗಿದ ಮೌಲ್ಯ 1 ದಾಟಿದೊಡನೆ ರೋಹಿತದ (ಐಗನ್ ಮೌಲ್ಯಗಳ ಸಾಲಿನ) ನಡುಭಾಗದಿಂದ ಸಂಕೀರ್ಣ ಮೌಲ್ಯಗಳು ಹುಟ್ಟತೊಡಗುತ್ತವೆ. ಮೂಲದಲ್ಲಿ ಅದು 10ರ −12ನೇ ಘಾತದ ಎರಡು ಪಟ್ಟಿದ್ದರೂ ಸಾಕು! ಕೊಂಡಿ ಉಳಿದ ಜಿಗಿತಗಳ ಹತ್ತನೇ ಒಂದರಷ್ಟಿದ್ದರೆ ಇನ್ನೊಂದು ಸೊಗಸು ಕಾಣುತ್ತದೆ: ಸ್ಥಿತಿಗಳ ಎತ್ತರ ಒಂದು ತುದಿಯಿಂದ ಇನ್ನೊಂದಕ್ಕೆ ಸುಮಾರು 10 ಪಟ್ಟು ಬದಲಾಗುತ್ತದೆ, ಮನೆಗಳು 40 ಇರಲಿ 400 ಇರಲಿ. ಸರಪಳಿ ಬೆಳೆದಂತೆ ಸ್ಥಿತಿಯ ಹರವೂ ಬೆಳೆಯುತ್ತದೆ.

ಕಲ್ಮಶ ಒಂದು ಮನೆಯ ಶಕ್ತಿಯಲ್ಲಿದ್ದರೆ ಕಥೆ ಬೇರೆ. ಮ್ಯಾಟ್ರಿಕ್ಸ್‌ನ ಕರ್ಣದ ಮೇಲಿನ ಸಂಖ್ಯೆಗಳನ್ನು ಅಳತೆಗೋಲು ಮುಟ್ಟುವುದಿಲ್ಲ. ಆದ್ದರಿಂದ ಬಿಚ್ಚಿದ ಸರಪಳಿಯಲ್ಲಿ ಮೌಲ್ಯಗಳು ವಾಸ್ತವವಾಗಿಯೇ ಉಳಿಯುತ್ತವೆ. ನಡುವಿನ ಮನೆಗೆ 1 ಕೊಟ್ಟರೆ −2ರಿಂದ 2ರವರೆಗಿನ ಪಟ್ಟಿಯ ಹೊರಗೆ ಒಂದು ಮೌಲ್ಯ ಸಿಗುತ್ತದೆ ನಿಜ, ಆದರೆ ಅದರ ಸ್ಥಿತಿ ಬಲತುದಿಯಲ್ಲೇ ಕೂತಿರುತ್ತದೆ. 1.5 ದಾಟಿಸಿದ ಮೇಲೆ ಮಾತ್ರ ಅದು ಕಲ್ಮಶಕ್ಕೆ ಅಂಟಿಕೊಳ್ಳುತ್ತದೆ. ಆಗ ಅದರ ಶಕ್ತಿ 2.5, ದೀರ್ಘವೃತ್ತದ ಅಂಚೂ ಅಲ್ಲೇ ಇದೆ.

ಹಲವು ಕಣಗಳಿದ್ದಾಗ ಹೆಚ್ಚು ಜನ ಎಡವುವುದು ಇಲ್ಲಿ. ಫರ್ಮಿಯಾನ್‌ಗಳು (ಎಲೆಕ್ಟ್ರಾನಿನಂಥ ಕಣಗಳು) ಒಂದೇ ಮನೆಯಲ್ಲಿ ಗುಂಪುಗೂಡಲಾರವು, ಬಲಗಡೆಯ ಮನೆಗಳನ್ನು ತುಂಬಿಕೊಂಡು ನಿಲ್ಲುತ್ತವೆ. ಪಕ್ಕದ ಮನೆಗಳ ನಡುವಿನ ವಿಕರ್ಷಣೆಯೂ ಕರ್ಣದಲ್ಲೇ ಇರುವುದರಿಂದ ಅಳತೆಗೋಲಿನ ಉಪಾಯ ಇಲ್ಲೂ ನಡೆಯುತ್ತದೆ. ಆದರೆ ಕಣಗಳೆಲ್ಲ ಎಡದಲ್ಲಿರುವುದಕ್ಕೂ ಬಲದಲ್ಲಿರುವುದಕ್ಕೂ ನಡುವಿನ ಅನುಪಾತ ನೋಡಿ: 14 ಮನೆ, 7 ಕಣ ಎಂದರೆ 2ರ 49ನೇ ಘಾತ, 16 ಮನೆ, 8 ಕಣ ಎಂದರೆ 64ನೇ ಘಾತ. ಕಂಪ್ಯೂಟರಿನ ಮಾಮೂಲಿ ಲೆಕ್ಕದ ನಿಖರತೆ (ಡಬಲ್ ಪ್ರಿಸಿಷನ್) ನಿಲ್ಲುವುದು 53 ಬಿಟ್‌ಗೆ. ಒಂಟಿ ಕಣಕ್ಕೆ 54 ಮನೆಗಳವರೆಗೆ ತಡೆದುಕೊಂಡ ಲೆಕ್ಕ ಇಲ್ಲಿ 16ಕ್ಕೇ ಕುಸಿಯಬಹುದು, ಅದೂ ಕೇವಲ 12,870 ಗಾತ್ರದ ಮ್ಯಾಟ್ರಿಕ್ಸ್‌ನಲ್ಲಿ. ದಶಮಾಂಶ ಕತ್ತರಿಸಿದ ದೋಷವೇ ಯಾರೂ ಹಾಕದ ಕಲ್ಮಶದಂತೆ ವರ್ತಿಸಿ, ಇಲ್ಲದ ಸಂಕೀರ್ಣ ಮೌಲ್ಯಗಳನ್ನು ತೋರಿಸುತ್ತದೆ. ಅದನ್ನು ದ್ರವ್ಯದ ಹೊಸ ಹಂತ (ಫೇಸ್) ಎಂದು ನಂಬಿ ಪ್ರಬಂಧ ಬರೆಯುವುದು ನಿಜಕ್ಕೂ ಅಪಾಯ.

ಪರೀಕ್ಷೆ ಸುಲಭ. ಮ್ಯಾಟ್ರಿಕ್ಸ್‌ಗೂ ಅದರ ಟ್ರಾನ್ಸ್‌ಪೋಸ್‌ಗೂ (ಅಡ್ಡಸಾಲು, ಕಂಬಸಾಲು ಅದಲುಬದಲಾದ ರೂಪಕ್ಕೂ) ಬೇರೆಬೇರೆಯಾಗಿ ಐಗನ್ ಮೌಲ್ಯ ತೆಗೆಯಿರಿ. ಎರಡೂ ಒಂದೇ ಇರಬೇಕು. ತಾಳೆಯಾಗದಿದ್ದರೆ ಮೊದಲು ಅಳತೆಗೋಲು ಬದಲಿಸಿ, ಆಮೇಲೆ ಲೆಕ್ಕಕ್ಕೆ ಕೊಡಿ. ಕೊಂಡಿಯಿದ್ದರೆ ಅದರ ಹಿಗ್ಗಿದ ಮೌಲ್ಯವನ್ನು ಒಂದೇ ಕಡೆ ಬಿಡದೆ ಎಲ್ಲ ಜಿಗಿತಗಳಿಗೂ ಸಮವಾಗಿ ಹಂಚಿ. ಕಣಗಳ ಸಂಖ್ಯೆ ಸಮಸಂಖ್ಯೆಯಾಗಿದ್ದರೆ (2, 4, 6…), ಫರ್ಮಿಯಾನ್ ಸರಪಳಿಯನ್ನು ಸ್ಪಿನ್ ಭಾಷೆಗೆ (ಕಣವಿರುವ ಮನೆ ಮೇಲ್ಮುಖ ಸ್ಪಿನ್, ಖಾಲಿ ಮನೆ ಕೆಳಮುಖ) ತಂದಾಗ ಈ ಮುಚ್ಚುವ ಕೊಂಡಿಗೆ −1 ಗುಣಿಸಬೇಕು.