ಎಲ್ಲ ಸ್ವರವೂ ಕೈಗೆ ಬರುವವರೆಗೆ ಕಾಯಬೇಕೇ?

ಪ್ರಶ್ನೆ: ವಯೊಲಿನ್ ಹಿಡಿದು ಎರಡು ವರ್ಷವಾಯಿತು. ಸ್ಟಾಫ್ ನೊಟೇಷನ್ (ಐದು ಗೆರೆಗಳ ಮೇಲೆ ಸ್ವರ ಬರೆಯುವ ಪಾಶ್ಚಾತ್ಯ ಲಿಪಿ) ಓದುತ್ತೇನೆ, ಆದರೆ ನಿಧಾನ. ಎಲ್ಲ ಮಟ್ಟದವರನ್ನೂ ಸೇರಿಸಿಕೊಳ್ಳುವ ಹವ್ಯಾಸಿ ಆರ್ಕೆಸ್ಟ್ರಾ ಒಂದಕ್ಕೆ ಸೇರುವ ಆಸೆಯಿದೆ. ವೇಗದ ಭಾಗಗಳು ಕೈಗೆ ಬರುತ್ತಿಲ್ಲ. ಪೂರ್ತಿ ಕಲಿತ ಮೇಲೇ ಹೋಗಲೇ?

ಉತ್ತರ: ಬೇಡ, ಈಗಲೇ ಹೋಗಿ. ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ವಯೊಲಿನ್ ಹೋಗಿ ಚೆಲ್ಲೊ, ಚೆಲ್ಲೊ ಹೋಗಿ ಕ್ಲಾರಿನೆಟ್ ಆಗಿ ಇದೇ ಪ್ರಶ್ನೆ ಬರುತ್ತಲೇ ಇರುತ್ತದೆ, ನಾವೂ ಕಿಸಬಾಯಿ ದಾಸನ ಹಾಗೆ ಹಾಡಿದ್ದನ್ನೇ ಹಾಡುತ್ತಿರುತ್ತೇವೆ. ಈ ಸಲ ಬುಡಕ್ಕೇ ಕೊಡಲಿ ಹಾಕೋಣ.

ಬುಡದಲ್ಲಿರುವುದು ಒಂದು ನಂಬಿಕೆ: ಹಾಳೆಯಲ್ಲಿ ಅಚ್ಚಾದ ಪ್ರತಿ ಸ್ವರವನ್ನೂ ಪ್ರತಿಯೊಬ್ಬರೂ ನುಡಿಸಲೇಬೇಕು, ಒಂದು ಬಿಟ್ಟರೂ ಅದು ಮೋಸ. ಇದಕ್ಕಿಂತ ಹೆಚ್ಚು ಹೊಸಬರನ್ನು ಓಡಿಸಿದ ಮಾತು ಬೇರೆ ಇರಲಾರದು.

ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ 132 ಬೀಟ್‌ ವೇಗ, ಬೀಟಿಗೆ, ಅಂದರೆ ತಾಳದ ಒಂದು ಪೆಟ್ಟಿಗೆ, ನಾಲ್ಕು ಸ್ವರ. ಅಂದರೆ ಸೆಕೆಂಡಿಗೆ ಹತ್ತಿರಹತ್ತಿರ 9. ನಿಮ್ಮ ಕೈ ಸೆಕೆಂಡಿಗೆ 6 ಮಾತ್ರ ಓಡುತ್ತದೆ ಎಂದುಕೊಳ್ಳಿ. ಎಲ್ಲವನ್ನೂ ನುಡಿಸಿಯೇ ತೀರುತ್ತೇನೆಂದು ಹಟ ಹಿಡಿದರೆ, ನಾಲ್ಕು ಬೀಟಿನ ಬಾರ್ (ತಾಳದ ಒಂದು ಆವರ್ತ) ಮುಗಿಯುವ ಹೊತ್ತಿಗೆ 16 ಸ್ವರಗಳ ಪೈಕಿ ನೀವಿನ್ನೂ 11ರ ಹತ್ತಿರ. ಉಳಿದ ಐದನ್ನು ಮುಂದಿನ ಬಾರಿನೊಳಗೆ ತುರುಕುತ್ತೀರಿ, ಅದೂ ಕೆಟ್ಟಿತು. ಮೂರನೆಯ ಬಾರಿನಲ್ಲಿ ಎಲ್ಲಿದ್ದೀರೆಂಬುದು ನಿಮಗೂ ಗೊತ್ತಿಲ್ಲ, ಪಕ್ಕದವರಿಗೂ ಗೊತ್ತಿಲ್ಲ.

ಅದೇ ಜಾಗದಲ್ಲಿ ಪ್ರತಿ ಬೀಟಿನ ಮೊದಲ ಸ್ವರವನ್ನಷ್ಟೇ ನುಡಿಸಿ. 16ರಲ್ಲಿ 12 ಬಿಟ್ಟಿರಿ, ಆದರೂ ತಾಳ ಕೈ ತಪ್ಪಲಿಲ್ಲ. ಅದೂ ಕಷ್ಟವಾದರೆ ಬಾರಿನ ಮೊದಲ ಸ್ವರ ಒಂದೇ ಸಾಕು. ನಿಮ್ಮ ಸಾಲಿನ ಉಳಿದವರೆಲ್ಲ ನುಡಿಸುತ್ತಿರುವುದು ಅದೇ ಹಾಳೆಯನ್ನು. ನೀವು ಬಿಟ್ಟ ಸ್ವರ ಕೇಳುವವರಿಗೆ ಸಿಕ್ಕೇ ಸಿಗುತ್ತದೆ. ಎಲ್ಲರೂ ಸುಮ್ಮನಿರುವ ರೆಸ್ಟ್‌ನಲ್ಲಿ ಬಿದ್ದ ಒಂದೇ ಒಂದು ಸ್ವರ ಮಾತ್ರ ಹಿಂದಿನ ಕುರ್ಚಿಯವರೆಗೂ ಕೇಳಿಸುತ್ತದೆ. ಭಯಪಡುವುದಿದ್ದರೆ ಅದಕ್ಕೆ ಪಡಿ.

ಇದನ್ನು ಮನೆಯಲ್ಲೇ ರೂಢಿ ಮಾಡಿಕೊಳ್ಳಿ. ಮೆಟ್ರೋನೋಮ್ (ತಾಳ ಬಡಿಯುವ ಯಂತ್ರ) 60ಕ್ಕೆ ಇಟ್ಟು ಮೊದಲ ಸ್ವರಗಳನ್ನಷ್ಟೇ ನುಡಿಸುತ್ತ ಸ್ವಲ್ಪ ಸ್ವಲ್ಪವೇ ವೇಗ ಏರಿಸಿ, ಕೈಗೆ ಬಂದಂತೆ ನಡುವಿನವನ್ನು ಸೇರಿಸಿ. ಇಲ್ಲಿ ಎಡವುವುದು ಬೋ (ಕಮಾನು) ವಿಷಯದಲ್ಲಿ. ನಾಲ್ಕು ಬಿಡಿ ಸ್ವರಗಳ ಗುಂಪಿನ ಮೊದಲನೆಯದು ಡೌನ್ ಬೋ (ಹಿಡಿಯ ಕಡೆಯಿಂದ ತುದಿಯ ಕಡೆಗೆ ಎಳೆಯುವುದು) ಆಗಿದ್ದರೆ ಮುಂದಿನ ಗುಂಪಿನ ಮೊದಲನೆಯದೂ ಡೌನ್ ಬೋನೇ. ಒಂದೇ ಸ್ವರ ನುಡಿಸುವವರು ಮರೆತು ಡೌನ್, ಅಪ್ ಎಂದು ಎಳೆಯುತ್ತಾರೆ, ಇಡೀ ಸಾಲಿನಲ್ಲಿ ಅವರ ಬೋ ಒಂದೇ ಎದುರು ದಿಕ್ಕಿಗೆ ಓಡುತ್ತಿರುತ್ತದೆ. ಚಿಕ್ಕದಾಗಿ ಎಳೆದು, ತಂತಿಯಿಂದ ಎತ್ತಿ, ಮತ್ತೆ ಅದೇ ಜಾಗಕ್ಕೆ ತನ್ನಿ.

ದಾರಿ ತಪ್ಪಿತೋ, ಬೆನ್ನಟ್ಟಬೇಡಿ. ನುಡಿಸುವುದನ್ನು ನಿಲ್ಲಿಸಿ, ಎಣಿಸುವುದನ್ನು ನಿಲ್ಲಿಸಬೇಡಿ. ಚೌಕದೊಳಗೆ ಅಚ್ಚಾಗಿರುವ ಮುಂದಿನ ರಿಹರ್ಸಲ್ ಅಕ್ಷರ (ಎಲ್ಲರೂ ಒಂದೇ ಜಾಗ ಹುಡುಕಿಕೊಳ್ಳಲು ಕೊಟ್ಟ ಎ, ಬಿ, ಸಿ ಗುರುತು) ಬಂದಾಗ ಸೇರಿಕೊಳ್ಳಿ. ಉದ್ದದ ರೆಸ್ಟ್ ಇದ್ದರೆ 1-2-3-4, 2-2-3-4, 3-2-3-4 ಎಂದು ಬಾರಿನ ಸಂಖ್ಯೆಯನ್ನು ಮೊದಲ ಬೀಟಿಗೆ ಕೂರಿಸಿ ಎಣಿಸಿ. ನಿಮಗಿಂತ ಮುಂಚೆ ಕೊಳಲು ಶುರುವಾಗುವುದಾದರೆ ಪೆನ್ಸಿಲಿನಲ್ಲಿ ‘ಕೊಳಲು’ ಎಂದು ಬರೆದಿಡಿ.

ಊದುವ ವಾದ್ಯದವರಿಗೆ ಈ ಸಲಹೆ ಹಾಗೇ ಒಪ್ಪುವುದಿಲ್ಲ. ಓಬೋ, ಬಸೂನ್, ಹಾರ್ನ್‌ಗಳಲ್ಲಿ ಸಾಮಾನ್ಯವಾಗಿ ಒಂದು ಪಾರ್ಟ್‌ಗೆ (ಒಂದು ಪಾಲಿನ ಸ್ವರಗಳ ಹಾಳೆಗೆ) ಒಬ್ಬರೇ, ಬಿಟ್ಟರೆ ಅಲ್ಲಿ ತೂತು ಕಾಣುತ್ತದೆ. ಎರಡನೆಯ ಪಾರ್ಟ್ ಕೊಡಿ, ಇಲ್ಲವೇ ಇನ್ನೊಬ್ಬರ ಜೊತೆ ಕೂರಿಸಿ ಎಂದು ಮೊದಲೇ ಕೇಳಿಕೊಳ್ಳಿ. ಬಿ ಫ್ಲಾಟ್ ಕ್ಲಾರಿನೆಟ್ ಒಂದೇ ಇರುವವರಿಗೆ ಅರ್ಧ ಸ್ವರ ಕೆಳಗಿನ ಶ್ರುತಿಯ ಎ ಕ್ಲಾರಿನೆಟ್‌ಗೆ ಬರೆದ ಹಾಳೆ ಬಂದರೆ ಬರೆದದ್ದಕ್ಕಿಂತ ಅರ್ಧ ಸ್ವರ ಕೆಳಗೆ ನುಡಿಸಬೇಕು. ಅದನ್ನು ರಿಹರ್ಸಲ್ಲಿನ ನಡುವೆ ಕಂಡುಹಿಡಿಯಬೇಡಿ, ಒಂದು ವಾರ ಮುಂಚೆ ಹಾಳೆ ತರಿಸಿಕೊಳ್ಳಿ.

ಮೊದಲ ದಿನ ಕಾಲು ಗಂಟೆ ಮುಂಚೆ ಹೋಗಿ. ಮಡಚುವ ಸ್ಟ್ಯಾಂಡ್, ರಾಜಿನ್ (ಬೋಗೆ ಸವರುವ ರಾಳ), ಒಂದು ಹೆಚ್ಚುವರಿ ಇ ತಂತಿ (ತೆಳ್ಳಗಿರುವುದರಿಂದ ಬೇಗ ಹರಿಯುವುದು ಅದೇ), 2ಬಿ ಪೆನ್ಸಿಲ್, ರಬ್ಬರ್. ಎ ಸ್ವರ 440 ಹರ್ಟ್ಸೋ 442ಓ ಕೇಳಿಕೊಂಡು ಮೊದಲೇ ಶ್ರುತಿ ಮಾಡಿಟ್ಟುಕೊಳ್ಳಿ. ಓಬೋದವರು ಎ ಸ್ವರ ನುಡಿಸಿ ಶ್ರುತಿ ಕೊಟ್ಟಾಗ ಸಣ್ಣಪುಟ್ಟದ್ದನ್ನಷ್ಟೇ ಸರಿಪಡಿಸಬೇಕು, ಕಷ್ಟದ ಸಾಲನ್ನು ಆಗ ಅಭ್ಯಾಸ ಮಾಡುವುದಲ್ಲ. ಕಂಡಕ್ಟರ್ ಕೈ ನಿಲ್ಲಿಸಿದ ಕೂಡಲೇ ನಿಲ್ಲಿಸಿ. ಇದನ್ನು ಹೇಳಬೇಕಾಗಿ ಬಂದದ್ದೇ ಬೇಸರ, ಆದರೂ ಹೇಳಬೇಕು. ತಾಳಕ್ಕೆ ಕಿವಿಗಿಂತ ಕಣ್ಣನ್ನು ನಂಬಿ, ಕಂಡಕ್ಟರ್ ಕೈ ನೋಡಿ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ, 12 ಮೀಟರ್ ಆಚೆಯ ಟ್ರಂಪೆಟ್ ನಿಮಗೆ ಕೇಳುವುದು ಸೆಕೆಂಡಿನ ನೂರರಲ್ಲಿ ಮೂರ್ನಾಲ್ಕು ಪಾಲು ತಡವಾಗಿ. ಅದನ್ನು ಕೇಳಿಸಿಕೊಂಡು ನುಡಿಸುವವರು ಇನ್ನೂ ತಡ.

ಯಾರೂ ಕೇಳದ, ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಇಬ್ಬರಿಗೆ ಒಂದೇ ಸ್ಟ್ಯಾಂಡ್, ಪುಟ ತಿರುಗಿಸುವವರು ಯಾರು? ಪ್ರೇಕ್ಷಕರ ಕಡೆ ಕೂತವರು ನುಡಿಸುತ್ತಲೇ ಇರಬೇಕು, ಒಳಗಡೆ ಕೂತವರು ಒಂದೆರಡು ಬಾರ್ ಮುಂಚೆಯೇ ನಿಲ್ಲಿಸಿ ತಿರುಗಿಸಬೇಕು. ಪುಟದ ಕೆಳಮೂಲೆಯನ್ನು ಕೊಂಚ ಮಡಚಿಟ್ಟರೆ ಎರಡು ಹಾಳೆ ಒಟ್ಟಿಗೆ ಬರುವುದಿಲ್ಲ. ಹಾಳೆಯ ಸಾಲಿನಲ್ಲಿ ಒಂದರ ಮೇಲೊಂದು ಎರಡು ಸ್ವರ ಬರೆದಿರುವಲ್ಲಿ ಹೊರಗಿನವರಿಗೆ ಮೇಲಿನ ಸ್ವರ, ಒಳಗಿನವರಿಗೆ ಕೆಳಗಿನದು. ನಿಧಾನ ಓದುವ ನೀವು ಒಳಗಿನ ಕುರ್ಚಿಯನ್ನೇ ಕೇಳಿ ಪಡೆಯಿರಿ. ಯಾವ ಬೆರಳು ಎಂಬ ಗುರುತುಗಳನ್ನು ಹೊರಗಿನವರು ಸಾಲಿನ ಮೇಲೆ, ಒಳಗಿನವರು ಕೆಳಗೆ ಬರೆಯುವುದು ರೂಢಿ. ಪೆನ್ ಮಾತ್ರ ಮುಟ್ಟಬೇಡಿ. ಹಾಳೆಗಳು ಬಾಡಿಗೆಯವಾಗಿದ್ದರೆ ಸಂಗೀತ ಕಚೇರಿ ಮುಗಿದ ಮೇಲೆ ಬರೆದದ್ದನ್ನೆಲ್ಲ ಅಳಿಸಿ ವಾಪಸ್ ಕೊಡಬೇಕಾಗುತ್ತದೆ.